ಬಿಯರು ನಿಲ್ಲಿಸಿದವನೇ ಬೆಣ್ಣೆಯನ್ನೂ ಉಳಿಸಿದ

ಅಮೆರಿಕದ ಪಾನನಿಷೇಧದ ಕಥೆ ನಿಮಗೆ ಗೊತ್ತಿರಬಹುದು. ಶಿಕಾಗೋ, ಕಳ್ಳಭಟ್ಟಿ, ನೆಲಮಾಳಿಗೆಯ ಗುಟ್ಟಿನ ಬಾರುಗಳು, ಬಂದೂಕು ಹಿಡಿದ ಗೂಂಡಾಗಳು. 1920ರಿಂದ 1933ರವರೆಗೆ ನಡೆದ ಆ ಹದಿನಾಲ್ಕು ವರ್ಷದ ರಾದ್ಧಾಂತಕ್ಕೆ ಆಧಾರವಾಗಿದ್ದ ಕಾಯ್ದೆಗೆ ಒಬ್ಬ ಮನುಷ್ಯನ ಹೆಸರಿತ್ತು: ವೋಲ್‌ಸ್ಟೆಡ್ ಕಾಯ್ದೆ. ಬಾಯಿ ಒಣಗಿದವರೆಲ್ಲ ಬೈದುಕೊಳ್ಳುತ್ತಿದ್ದದ್ದು ಆ ಹೆಸರನ್ನೇ.

ಆದರೆ ಅದೇ ಹೆಸರಿನ ಇನ್ನೊಂದು ಕಾಯ್ದೆ ಇದೆ. ಅದಕ್ಕೂ ಮದ್ಯಕ್ಕೂ ಸಂಬಂಧವಿಲ್ಲ. ಅದು ಹಾಲು, ಬೆಣ್ಣೆ, ಕಿತ್ತಳೆ, ಕ್ರ್ಯಾನ್‌ಬೆರಿ ಎಂಬ ಹುಳಿ ಹಣ್ಣು ಬೆಳೆಯುವವರ ಕಾಯ್ದೆ. ನೂರು ವರ್ಷ ದಾಟಿದರೂ ಜಾರಿಯಲ್ಲಿದೆ. ಅದನ್ನು ಮಾಡಿದವನ ಹೆಸರು ಮಾತ್ರ ಯಾರಿಗೂ ನೆನಪಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮನುಷ್ಯ ಸ್ವಲ್ಪ ಅರ್ಥವಾಗುತ್ತಾನೆ. ಜೊತೆಗೆ, ಒಂದು ಕಾಯ್ದೆ ನಿಲ್ಲುವುದು ಅಥವಾ ಬೀಳುವುದು ಎಷ್ಟು ಸಣ್ಣ ಪದದ ಮೇಲೆ ಅನ್ನುವುದೂ ಗೊತ್ತಾಗುತ್ತದೆ.

ಆಂಡ್ರೂ ವೋಲ್‌ಸ್ಟೆಡ್ ಹುಟ್ಟಿದ್ದು 1860ರಲ್ಲಿ, ಮಿನ್ನೆಸೋಟ ರಾಜ್ಯದ ಗುಡ್‌ಹ್ಯೂ ಕೌಂಟಿಯಲ್ಲಿ. ಅಪ್ಪ ಅಮ್ಮ ನಾರ್ವೆಯಿಂದ ವಲಸೆ ಬಂದವರು. ಮಿನ್ನೆಸೋಟದ ತುಂಬ ಆಗ ಅಂಥವರೇ ಜಾಸ್ತಿ. ಹುಡುಗ ಕಾನೂನು ಓದಿ ವಕೀಲನಾದ. 1886ರಲ್ಲಿ ರಾಜ್ಯದ ಪಶ್ಚಿಮಕ್ಕಿರುವ ಗ್ರ್ಯಾನೈಟ್ ಫಾಲ್ಸ್ ಎಂಬ ಪುಟ್ಟ ಊರಿಗೆ ಬಂದು ನೆಲೆಸಿದ. ಮಿನ್ನೆಸೋಟ ನದಿಯ ದಡದ ಊರು, ಸುತ್ತಲೂ ಹೊಲಗಳು.

ಅಲ್ಲಿ ಆತ ಕೌಂಟಿ ಅಟಾರ್ನಿಯಾದ. ಅಂದರೆ ಸರ್ಕಾರದ ಪರವಾಗಿ ಕೇಸು ನಡೆಸುವ ವಕೀಲ. ನಮ್ಮಲ್ಲಿ ಈ ಕೆಲಸಕ್ಕೆ ನೇಮಕ ಮಾಡುತ್ತಾರೆ. ಅಲ್ಲಿ ಜನ ವೋಟು ಹಾಕಿ ಆರಿಸುತ್ತಾರೆ. ನಡುವೆ ಎರಡು ವರ್ಷ ಬಿಟ್ಟರೆ 1887ರಿಂದ 1903ರ ಆರಂಭದವರೆಗೂ ಆ ಕುರ್ಚಿ ಈತನದೇ. ಮಧ್ಯದಲ್ಲಿ ಊರಿನ ಮೇಯರ್ ಕೂಡ ಆಗಿದ್ದ. ದಪ್ಪ ಮೀಸೆ, ಕಡಿಮೆ ಮಾತು, ಕಾನೂನಿನ ಪುಸ್ತಕ. ಕೇಳಿದರೆ ಆಕಳಿಕೆ ಬರುವಂಥ ಬದುಕು, ಅಲ್ವಾ?

1902ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದಿಂದ ಗೆದ್ದು ವಾಷಿಂಗ್ಟನ್ನಿಗೆ ಹೋದ. ಅಲ್ಲಿನ ಪ್ರತಿನಿಧಿ ಸಭೆಯ ಅವಧಿ ಎರಡೇ ವರ್ಷ. ಹಾಗೆ ಹತ್ತು ಅವಧಿ, ಒಟ್ಟು ಇಪ್ಪತ್ತು ವರ್ಷ ಕೂತ. ಮೊದಲ ಹದಿನಾರು ವರ್ಷ ದೇಶಕ್ಕೆ ಆತ ಯಾರೆಂದೇ ಗೊತ್ತಿರಲಿಲ್ಲ.

ಹಾಗಾದರೆ ಇಂಥವನ ಕೈಗೆ ಪಾನನಿಷೇಧ ಹೇಗೆ ಬಂತು? ಇಲ್ಲಿ ಅಮೆರಿಕದ ಸಂಸತ್ತಿನ ಒಂದು ಪದ್ಧತಿ ತಿಳಿದಿರಬೇಕು. ಮಸೂದೆಗಳು ಸೀದಾ ಸಭೆಗೆ ಬರುವುದಿಲ್ಲ. ಮೊದಲು ಒಂದು ಸಮಿತಿಗೆ ಹೋಗುತ್ತವೆ. ಸಮಿತಿ ಬೇಡ ಅಂದರೆ ಬಹುತೇಕ ಅಲ್ಲಿಗೇ ಮುಗಿಯಿತು. ಆ ಸಮಿತಿಯ ಅಧ್ಯಕ್ಷನನ್ನು ಆರಿಸುತ್ತಿದ್ದದ್ದು ಜಾಣತನ ನೋಡಿಯಲ್ಲ, ಸೀನಿಯಾರಿಟಿ ನೋಡಿ. ಬಹುಮತ ಇರುವ ಪಕ್ಷದಲ್ಲಿ ಆ ಸಮಿತಿಯಲ್ಲಿ ಯಾರು ಜಾಸ್ತಿ ದಿನ ಕೂತಿದ್ದಾರೋ ಅವರಿಗೇ ಸಾಮಾನ್ಯವಾಗಿ ಕುರ್ಚಿ.

1918ರ ನವೆಂಬರಿನಲ್ಲಿ ರಿಪಬ್ಲಿಕನ್ನರು ಬಹುಮತ ಗಳಿಸಿದರು. 1919ರಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷಗಿರಿ ವೋಲ್‌ಸ್ಟೆಡ್‌ಗೆ ಬಂತು. ಅದೇ 1919ರ ಜನವರಿ 16ರಂದು ಸಂವಿಧಾನದ 18ನೇ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಿತ್ತು. ಒಂದು ವರ್ಷದ ನಂತರ ದೇಶದಲ್ಲಿ ಮದ್ಯ ಬಂದ್. ಅದನ್ನು ಜಾರಿ ಮಾಡುವ ಕಾಯ್ದೆ ಬರೆಯಬೇಕಾದ್ದು ನ್ಯಾಯಾಂಗ ಸಮಿತಿ. ಬೇರೆ ಯಾರು ಆ ಕುರ್ಚಿಯಲ್ಲಿದ್ದರೂ ಕಾಯ್ದೆಗೆ ಅವರ ಹೆಸರೇ ಅಂಟುತ್ತಿತ್ತು.

ತಿದ್ದುಪಡಿ ಆಗಲೇ ಇರುವಾಗ ಇನ್ನೊಂದು ಕಾಯ್ದೆ ಯಾಕೆ? ತಿದ್ದುಪಡಿ ತೀರಾ ಚಿಕ್ಕದು. 'ಅಮಲೇರಿಸುವ ಪಾನೀಯ'ಗಳನ್ನು ತಯಾರಿಸುವುದು, ಮಾರುವುದು, ಸಾಗಿಸುವುದು, ಆಮದು ಮತ್ತು ರಫ್ತು ಮಾಡುವುದು ನಿಷಿದ್ಧ ಎಂದು ಅದು ಹೇಳಿತು. ಕುಡಿಯಬಾರದು ಎಂದು ಎಲ್ಲೂ ಹೇಳಲಿಲ್ಲ. ಕೊಳ್ಳಬಾರದು ಎಂದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅಮಲೇರಿಸುವುದು ಅಂದರೆ ಏನು ಎಂದೇ ಹೇಳಲಿಲ್ಲ.

ಇದು ಸಣ್ಣ ವಿಷಯವಲ್ಲ. ವಿಸ್ಕಿ, ಬ್ರಾಂದಿ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಬಿಯರು? ಊಟದ ಜೊತೆ ಕುಡಿಯುವ ವೈನು? ನಿಷೇಧ ಬರಲಿ ಎಂದಿದ್ದ ಎಷ್ಟೋ ಜನ, ಹೋಗುವುದು ಗಟ್ಟಿ ಮದ್ಯ ಮಾತ್ರ, ತೆಳು ಬಿಯರು ಉಳಿಯುತ್ತದೆ ಅಂದುಕೊಂಡಿದ್ದರು. ಬಿಯರು ತಯಾರಿಸುವವರೂ ಅದೇ ಆಸೆಯಲ್ಲಿದ್ದರು.

ವೋಲ್‌ಸ್ಟೆಡ್ ಕಾಯ್ದೆ ಆ ಆಸೆಗೆ ಕಲ್ಲು ಹಾಕಿತು. ಶೇಕಡ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಅಮಲಿನ ಪಾನೀಯ ಎಂದು ಬರೆಯಿತು. ಶೇ. 0.5. ಮಾಮೂಲಿ ಬಿಯರಿನಲ್ಲಿ ಶೇ. 4 ಅಥವಾ 5 ಇರುತ್ತದೆ. ಎಂಥ ತೆಳು ಬಿಯರೂ ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಈ ಅಂಕಿ ಎಲ್ಲಿಂದ ಬಂತು? ಅರ್ಧ ಪರ್ಸೆಂಟ್ ಕುಡಿದು ಯಾರಿಗೂ ಅಮಲೇರುವುದಿಲ್ಲ. ಅದು ತೆರಿಗೆ ಇಲಾಖೆಯ ಹಳೆ ಲೆಕ್ಕ. ಯಾವುದಕ್ಕೆ ಮದ್ಯದ ತೆರಿಗೆ ಹಾಕಬೇಕು, ಯಾವುದಕ್ಕೆ ಬೇಡ ಎಂದು ಗೆರೆ ಎಳೆಯಲು ಬಳಸುತ್ತಿದ್ದ ಅಂಕಿ. ಅದನ್ನೇ ಎತ್ತಿ ಇಲ್ಲಿ ಕೂರಿಸಿದರು.

ಕಾಯ್ದೆಯನ್ನು ನಿಜವಾಗಿ ಬರೆದವರು ಯಾರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಹೆಂಡದಂಗಡಿಗಳ ವಿರುದ್ಧ ಹುಟ್ಟಿದ ಆಂಟಿ ಸಲೂನ್ ಲೀಗ್ ಎಂಬ ಬಲಿಷ್ಠ ಸಂಘಟನೆಯ ವೇನ್ ವೀಲರ್ ತಾನೇ ಬರೆದೆ ಎಂದ. ವೋಲ್‌ಸ್ಟೆಡ್ ಒಪ್ಪಲಿಲ್ಲ. ಬರಹ ತನ್ನದೇ ಎಂದ. ವೀಲರನ ಕೈ ಅದರಲ್ಲಿ ದೊಡ್ಡದಾಗಿಯೇ ಇತ್ತು ಅನ್ನುವುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಒಂದು ಮಾತಂತೂ ನಿಜ. ವೋಲ್‌ಸ್ಟೆಡ್ ಪಾನನಿಷೇಧದ ಪ್ರಚಾರಕನಾಗಿರಲಿಲ್ಲ. ಸಂವಿಧಾನ ಹೀಗೆ ಹೇಳಿದೆ, ಜಾರಿ ಮಾಡುವುದು ನಮ್ಮ ಕೆಲಸ ಅನ್ನುವುದಷ್ಟೇ ಆತನ ವಾದ. ಹದಿನಾರು ವರ್ಷ ಸರ್ಕಾರಿ ವಕೀಲನ ಕುರ್ಚಿಯ ಸುತ್ತಲೇ ಇದ್ದವನಿಗೆ ಬೇರೆ ರೀತಿ ತೋಚುವುದೂ ಕಷ್ಟ.

ಅಧ್ಯಕ್ಷ ವುಡ್ರೋ ವಿಲ್ಸನ್ ಮಸೂದೆಯನ್ನು 1919ರ ಅಕ್ಟೋಬರ್ 27ರಂದು ವೀಟೋ ಮಾಡಿ ವಾಪಸ್ಸು ಕಳಿಸಿದ. ವಿಲ್ಸನ್ ಪಾನನಿಷೇಧಕ್ಕೇ ಅಡ್ಡ ನಿಂತ ಅಂತ ಇದನ್ನು ಓದಿಕೊಳ್ಳಬಾರದು. ಕಾಯ್ದೆಯಲ್ಲಿ ಮೂರು ಭಾಗಗಳಿದ್ದವು. ಮೊದಲನೆಯದು ಮೊದಲ ಮಹಾಯುದ್ಧದ ಹೆಸರಲ್ಲಿ ತಂದಿದ್ದ ಯುದ್ಧಕಾಲದ ಮದ್ಯನಿಷೇಧವನ್ನು ಜಾರಿ ಮಾಡುವ ಭಾಗ. ಎರಡನೆಯದು ಸಂವಿಧಾನದ ನಿಷೇಧಕ್ಕೆ. ಮೂರನೆಯದು ಕಾರ್ಖಾನೆಗಳ ಆಲ್ಕೋಹಾಲಿಗೆ. ಯುದ್ಧ ನಿಂತು ವರ್ಷವಾಗುತ್ತ ಬಂತು, ಇನ್ನೂ ಯುದ್ಧಕಾಲದ ನಿಷೇಧ ಯಾಕೆ ಅನ್ನುವುದು ವಿಲ್ಸನ್ನನ ಮುಖ್ಯ ತಕರಾರು. ಪ್ರತಿನಿಧಿ ಸಭೆ ಅದೇ ದಿನ ಮೂರನೇ ಎರಡು ಬಹುಮತದಿಂದ ವೀಟೋವನ್ನು ತಳ್ಳಿಹಾಕಿತು. ಮಾರನೇ ದಿನ ಸೆನೆಟ್ ಕೂಡ. 1920ರ ಜನವರಿ 17ರಿಂದ ಇಡೀ ದೇಶಕ್ಕೆ ದಿನವೂ ಡ್ರೈ ಡೇ.

ಕಾಗದದ ಮೇಲೆ ಕಾಯ್ದೆ ಕಠಿಣ. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ ಸಾವಿರ ಡಾಲರ್‌ವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಆದರೆ ಇಡೀ ದೇಶ ಕಾಯಲು ಶುರುವಿನಲ್ಲಿ ಇದ್ದ ಕೇಂದ್ರದ ಏಜೆಂಟರು ಸುಮಾರು 1,500 ಮಂದಿ. ಅದಕ್ಕಿಂತ ಮಜಾ ಅಂದರೆ ಕಾಯ್ದೆಯೊಳಗೇ ಇದ್ದ ಬಾಗಿಲುಗಳು. ಚರ್ಚಿನ ಪ್ರಸಾದದ ವೈನಿಗೆ ಅಡ್ಡಿಯಿಲ್ಲ. ಯಹೂದಿಗಳ ಪೂಜೆಯ ವೈನಿಗೂ ಇಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟರೆ ಹತ್ತು ದಿನಕ್ಕೆ ಒಂದು ಪೈಂಟ್, ಅಂದರೆ ಹೆಚ್ಚುಕಮ್ಮಿ ಅರ್ಧ ಲೀಟರ್ ವಿಸ್ಕಿ, ಔಷಧದ ಅಂಗಡಿಯಲ್ಲೇ ಸಿಗುತ್ತಿತ್ತು. ನಿಷೇಧಕ್ಕೆ ಮೊದಲೇ ಕೊಂಡು ಮನೆಯಲ್ಲಿ ಇಟ್ಟುಕೊಂಡದ್ದನ್ನು ಮನೆಯಲ್ಲೇ ಕುಡಿದರೆ ತಪ್ಪಿಲ್ಲ. ದುಡ್ಡಿದ್ದವರು 1919ರಲ್ಲೇ ನೆಲಮಾಳಿಗೆ ತುಂಬಿಸಿಕೊಂಡರು.

ಎಲ್ಲಕ್ಕಿಂತ ಅಗಲವಾದ ಬಾಗಿಲು 29ನೇ ಕಲಮು. ಮನೆಯಲ್ಲೇ ಬಳಸಲು 'ಅಮಲೇರಿಸದ' ಸೇಬಿನ ರಸ ಮತ್ತು ಹಣ್ಣಿನ ರಸ ಮಾಡಿಕೊಳ್ಳಬಹುದು ಎಂದು ಅದು ಹೇಳಿತು. ರೈತರ ಮನೆಯವರು ಸೇಬಿನ ರಸ ಹಿಂಡಿಟ್ಟರೆ ಪೊಲೀಸರು ಬರಬಾರದಲ್ಲ, ಅದಕ್ಕಾಗಿ. ಆದರೆ ರಸ ಸುಮ್ಮನೆ ಇರುವ ವಸ್ತುವಲ್ಲ. ನಾಲ್ಕು ದಿನ ಇಟ್ಟರೆ ತಾನೇ ಹುಳಿ ಬರುತ್ತದೆ, ನೊರೆ ಏಳುತ್ತದೆ. ಹಾಗಾದಾಗ ಆ ಅರ್ಧ ಪರ್ಸೆಂಟ್ ಲೆಕ್ಕ ಇಲ್ಲಿಗೂ ಬರುತ್ತದೋ ಇಲ್ಲವೋ?

ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದವನು ಪ್ರತಿನಿಧಿ ಸಭೆಯ ಇನ್ನೊಬ್ಬ ಸದಸ್ಯ. ಬಾಲ್ಟಿಮೋರಿನ ಜಾನ್ ಫಿಲಿಪ್ ಹಿಲ್. ಈತನೂ ರಿಪಬ್ಲಿಕನ್ನನೇ, ಆದರೆ ನಿಷೇಧದ ಕಡು ವಿರೋಧಿ. ರೈತರು ಹಳ್ಳಿಯಲ್ಲಿ ಸೇಬಿನ ರಸ ಹುಳಿ ಬರಿಸಿ ಕುಡಿಯಬಹುದಾದರೆ ಪೇಟೆಯವರು ದ್ರಾಕ್ಷಿ ರಸ ಯಾಕೆ ಮಾಡಬಾರದು ಎಂದು ಕೇಳಿದ. ಪೇಟೆಯ ನಡುವಿನ ತನ್ನ ಮನೆಗೆ 'ಫ್ರಾಂಕ್ಲಿನ್ ಫಾರ್ಮ್ಸ್' ಎಂದು ಹೆಸರಿಟ್ಟುಕೊಂಡ. ದ್ರಾಕ್ಷಿ ಹಿಂಡಿ ವೈನು ಮಾಡಿದ. ಸೇಬಿನ ರಸವನ್ನೂ ಮಾಡಿ, ಬಂದು ಪರೀಕ್ಷೆ ಮಾಡಿ ಎಂದು ಸರ್ಕಾರಕ್ಕೆ ತಾನೇ ಹೇಳಿಕಳಿಸಿದ. ಅಳೆದರೆ ಎರಡೂ ಅರ್ಧ ಪರ್ಸೆಂಟಿಗಿಂತ ಎಷ್ಟೋ ಜಾಸ್ತಿ. 1924ರಲ್ಲಿ ಕೇಸಾಯಿತು. ಮನೆಯ ಹಣ್ಣಿನ ರಸಕ್ಕೆ ಆ ಅಂಕಿ ಅನ್ವಯಿಸುವುದಿಲ್ಲ, ಅದು ನಿಜವಾಗಿ ಅಮಲೇರಿಸುತ್ತದೋ ಇಲ್ಲವೋ ಎಂದು ನೋಡಿ ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಜ್ಯೂರಿ ಹಿಲ್‌ನನ್ನು ಬಿಟ್ಟು ಕಳಿಸಿತು.

ಹೀಗೆ ಒಂದೇ ಕಾಯ್ದೆಯಲ್ಲಿ ಬಿಯರಿಗೆ ಒಂದು ಅಳತೆ, ಮನೆಯ ದ್ರಾಕ್ಷಿ ರಸಕ್ಕೆ ಇನ್ನೊಂದು. ಕ್ಯಾಲಿಫೋರ್ನಿಯದ ದ್ರಾಕ್ಷಿ ಬೆಳೆಗಾರರಿಗೆ ಸುಗ್ಗಿ. ದ್ರಾಕ್ಷಿಯನ್ನು ಒತ್ತಿ ಒಣಗಿಸಿದ ಇಟ್ಟಿಗೆಗಳೂ ಮಾರಾಟಕ್ಕೆ ಬಂದವು. ನೀರಲ್ಲಿ ಕರಗಿಸಿ ಇಷ್ಟು ದಿನ ಹಾಗೇ ಇಡಬೇಡಿ, ಇಟ್ಟರೆ ವೈನಾಗಿಬಿಡುತ್ತದೆ ಎಂಬ 'ಎಚ್ಚರಿಕೆ'ಯೂ ಜೊತೆಗೆ ಬರುತ್ತಿತ್ತಂತೆ. ಇಷ್ಟು ಚೆನ್ನಾಗಿ ಬರೆದ ಅಡುಗೆ ವಿಧಾನ ಅಡುಗೆ ಪುಸ್ತಕದಲ್ಲೂ ಸಿಗುವುದಿಲ್ಲ.

ಇಷ್ಟೆಲ್ಲ ಆಗುವಾಗ ವೋಲ್‌ಸ್ಟೆಡ್‌ಗೆ ತನ್ನ ಕ್ಷೇತ್ರದಲ್ಲೇ ಬಿಸಿ ತಟ್ಟುತ್ತಿತ್ತು. ಕಾರಣ ಮದ್ಯ ಅಂದುಕೊಂಡರೆ ತಪ್ಪು. ಯುದ್ಧ ಮುಗಿದ ಮೇಲೆ ಬೆಳೆಯ ಬೆಲೆ ಬಿದ್ದಿತ್ತು. ಮಿನ್ನೆಸೋಟದ ರೈತರು ಹಳೆ ಪಕ್ಷಗಳ ಮೇಲೆ ಕೆರಳಿದ್ದರು. ನಾನ್‌ಪಾರ್ಟಿಸನ್ ಲೀಗ್ ಎಂಬ ರೈತ ಸಂಘಟನೆ ಎದ್ದುನಿಂತಿತ್ತು. 1920ರಲ್ಲಿ ರಿಪಬ್ಲಿಕನ್ ಪಕ್ಷದೊಳಗಿನ ಪ್ರೈಮರಿ ಚುನಾವಣೆಯಲ್ಲೇ, ಲೀಗಿನ ಬೆಂಬಲವಿದ್ದ ಓ.ಜೆ. ಕ್ವಾಲೆ ಎಂಬ ಲೂಥರನ್ ಪಾದ್ರಿ ವೋಲ್‌ಸ್ಟೆಡ್‌ನನ್ನು ಸೋಲಿಸಿದ. ಪಾದ್ರಿ ಕೂಡ ನಿಷೇಧದ ಪರವೇ! ಪಾನನಿಷೇಧದ ಕಾಯ್ದೆ ತಂದವನನ್ನು ಸೋಲಿಸಿದ್ದು ಅವನಷ್ಟೇ ಡ್ರೈ ಆದ ಮನುಷ್ಯ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಪ್ರಚಾರದಲ್ಲಿ ಕ್ವಾಲೆ, ವೋಲ್‌ಸ್ಟೆಡ್ ದೇವರನ್ನು ನಂಬದ ನಾಸ್ತಿಕ ಎಂದು ಆರೋಪ ಮಾಡಿದ್ದ. ವೋಲ್‌ಸ್ಟೆಡ್ ಕೋರ್ಟಿಗೆ ಹೋದ. ಸುಳ್ಳು ಹೇಳಿ ವೋಟು ಕೇಳುವುದು ರಾಜ್ಯದ ಚುನಾವಣಾ ಭ್ರಷ್ಟಾಚಾರದ ಕಾಯ್ದೆ ಪ್ರಕಾರ ತಪ್ಪು. ಕೋರ್ಟು ಕ್ವಾಲೆಯ ಉಮೇದುವಾರಿಕೆಯನ್ನು ರದ್ದು ಮಾಡಿತು. ವೋಲ್‌ಸ್ಟೆಡ್ ಪಕ್ಷದ ಅಭ್ಯರ್ಥಿಯಾದ. ಕ್ವಾಲೆ ಸ್ವತಂತ್ರನಾಗಿ ನಿಂತು ಸೋತ. ಎರಡು ವರ್ಷ ಬಿಟ್ಟು, 1922ರಲ್ಲಿ ಮತ್ತೆ ನಿಂತು ಗೆದ್ದೇಬಿಟ್ಟ. ವೋಲ್‌ಸ್ಟೆಡ್‌ನ ಇಪ್ಪತ್ತು ವರ್ಷದ ಸದಸ್ಯತ್ವ ಅಲ್ಲಿಗೆ ಮುಗಿಯಿತು.

ನನಗೆ ಇದರಲ್ಲಿ ಬೇಸರ ಅನ್ನಿಸುವುದು ಒಂದೇ. ರೈತರು ಸೋಲಿಸಿದ ಆ ವರ್ಷವೇ ವೋಲ್‌ಸ್ಟೆಡ್ ರೈತರಿಗಾಗಿ ತನ್ನ ಬದುಕಿನ ಅತಿ ದೊಡ್ಡ ಕೆಲಸ ಮಾಡಿ ಮುಗಿಸಿದ್ದ.

ಹಾಲು ಮಾರುವ ರೈತನ ಕಷ್ಟ ನೋಡಿ. ಬೆಳಿಗ್ಗೆ ಹಾಲು ಕರೆಯುತ್ತಾನೆ. ಫ್ರಿಜ್ ಇಲ್ಲದ ಕಾಲ. ಸಂಜೆಯೊಳಗೆ ಮಾರದಿದ್ದರೆ ಒಡೆಯುತ್ತದೆ. ಕೊಳ್ಳುವ ಕಂಪನಿ ಸುತ್ತಮುತ್ತ ಒಂದೋ ಎರಡೋ. ಅವರು ಹೇಳಿದ್ದೇ ರೇಟು. ಹತ್ತು ರೈತರು ಸೇರಿ, ಇಷ್ಟಕ್ಕಿಂತ ಕಡಿಮೆಗೆ ನಾವು ಯಾರೂ ಕೊಡುವುದಿಲ್ಲ ಎಂದರೆ? ಅದು ಅಪರಾಧವಾಗಬಹುದಿತ್ತು. 1890ರ ಶೆರ್ಮನ್ ಕಾಯ್ದೆ ಮಾರಾಟಗಾರರು ಒಳಗೊಳಗೇ ಸೇರಿ ಬೆಲೆ ಕಟ್ಟುವುದನ್ನು ನಿಷೇಧಿಸಿತ್ತು. ಎಣ್ಣೆ ಮತ್ತು ಸಕ್ಕರೆಯ ದೈತ್ಯ ಕಂಪನಿಗಳನ್ನು ಹಿಡಿಯಲು ಮಾಡಿದ ಕಾಯ್ದೆ ಹಾಲಿನ ಕ್ಯಾನು ಹಿಡಿದವರ ಮೇಲೂ ತಿರುಗಿತು. ಬೆಲೆಗಾಗಿ ಒಂದಾದ ಹಾಲು ಉತ್ಪಾದಕರ ಮುಖಂಡರ ಮೇಲೆ ಕೇಸುಗಳಾದವು. ಆಳದಲ್ಲಿ ಇದೊಂದು ವಿಚಿತ್ರ ಅನ್ಯಾಯ. ನೂರು ಜನ ಸಾಹುಕಾರರು ದುಡ್ಡು ಹಾಕಿ ಒಂದು ಕಂಪನಿ ಮಾಡಿಕೊಂಡರೆ ಅದು ಕಾನೂನಿನ ಕಣ್ಣಲ್ಲಿ ಒಬ್ಬನೇ ವ್ಯಕ್ತಿ. ತನ್ನೊಳಗೆ ತಾನೇ ಬೆಲೆ ಮಾತಾಡಿಕೊಂಡರೆ ತಪ್ಪೇನು? ನೂರು ರೈತರು ಸೇರಿದರೆ ಅದು ನೂರು ಜನರ ಒಳಸಂಚು.

1914ರ ಕ್ಲೇಟನ್ ಕಾಯ್ದೆ ರೈತ ಸಂಘಗಳಿಗೆ ಸ್ವಲ್ಪ ರಿಯಾಯಿತಿ ಕೊಟ್ಟಿತ್ತು. ಆದರೆ ಷೇರು ಬಂಡವಾಳ ಇಲ್ಲದ ಸಂಘಗಳಿಗೆ ಮಾತ್ರ. ಬೆಣ್ಣೆ ತೆಗೆಯುವ ಯಂತ್ರ, ಶೀತಲ ಕೋಣೆ, ಲಾರಿ ಬೇಕಾದರೆ ಬಂಡವಾಳ ಬೇಕಲ್ಲ? ಷೇರು ಕೂಡಿಸಿದ ಕೂಡಲೇ ರಕ್ಷಣೆ ಹೋಯಿತು.

ಈ ಗಂಟನ್ನು ಬಿಡಿಸಿದ್ದು ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆ. ಸೆನೆಟ್‌ನಲ್ಲಿ ಅದನ್ನು ಹಿಡಿದು ನಡೆಸಿದವನು ಕ್ಯಾನ್ಸಸ್‌ನ ಆರ್ಥರ್ ಕ್ಯಾಪರ್. ಪ್ರತಿನಿಧಿ ಸಭೆಯಲ್ಲಿ ವೋಲ್‌ಸ್ಟೆಡ್. 1922ರ ಫೆಬ್ರವರಿ 18ರಂದು ಜಾರಿಯಾಯಿತು. ಪಾನನಿಷೇಧದ ಕಾಯ್ದೆ ಪುಟಗಟ್ಟಲೆ ಇತ್ತು. ಇದರಲ್ಲಿರುವುದು ಎರಡೇ ಕಲಮು. ರೈತರು, ತೋಟಗಾರರು, ಪಶುಪಾಲಕರು, ಹಾಲು ಉತ್ಪಾದಕರು, ಹಣ್ಣು ಮತ್ತು ಬಾದಾಮಿಯಂಥ ಕಾಯಿ ಬೆಳೆಯುವವರು ಸಂಘ ಕಟ್ಟಿಕೊಂಡು ತಮ್ಮ ಮಾಲನ್ನು ಒಟ್ಟಿಗೆ ಸಂಸ್ಕರಿಸಬಹುದು, ಒಟ್ಟಿಗೆ ಮಾರಬಹುದು. ಷೇರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಷರತ್ತುಗಳಿವೆ. ಸಂಘ ಸದಸ್ಯರ ಒಳಿತಿಗಾಗಿಯೇ ನಡೆಯಬೇಕು. ಹೊರಗಿನವರ ಮಾಲನ್ನು ಸದಸ್ಯರ ಮಾಲಿಗಿಂತ ಹೆಚ್ಚು ಬೆಲೆಯಷ್ಟು ವ್ಯವಹಾರ ಮಾಡಬಾರದು. ಇನ್ನೆರಡರಲ್ಲಿ ಒಂದಾದರೂ ಪಾಲಿಸಬೇಕು: ಷೇರು ಎಷ್ಟೇ ಇರಲಿ ಒಬ್ಬನಿಗೆ ಒಂದೇ ವೋಟು, ಅಥವಾ ಷೇರಿನ ಮೇಲೆ ವರ್ಷಕ್ಕೆ ಶೇ. 8ಕ್ಕಿಂತ ಹೆಚ್ಚು ಡಿವಿಡೆಂಡ್ ಇಲ್ಲ. ಅಂದರೆ ದುಡ್ಡು ಹಾಕಿದವನು ಸಂಘವನ್ನು ಆಳಬಾರದು, ಅಥವಾ ಸಂಘದಿಂದ ಕೊಬ್ಬಬಾರದು. ನಮ್ಮೂರ ಹಾಲಿನ ಡೇರಿಯ ಸಭೆಯಲ್ಲಿ ಕೂತವರಿಗೆ ಒಬ್ಬನಿಗೆ ಒಂದು ವೋಟು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಸಂಘವೇ ಏಕಸ್ವಾಮ್ಯ ಮಾಡಿಕೊಂಡು ಬೆಲೆಯನ್ನು ವಿಪರೀತ ಏರಿಸಿದರೆ ಕೃಷಿ ಮಂತ್ರಿ ಮಧ್ಯೆ ಬಂದು ತಡೆಯಬಹುದು. ಇದು ಎರಡನೇ ಕಲಮು.

ಫಲ ಏನಾಯಿತು? 1921ರಲ್ಲಿ ವೋಲ್‌ಸ್ಟೆಡ್‌ನ ಮಿನ್ನೆಸೋಟದಲ್ಲೇ ಸುಮಾರು 320 ಬೆಣ್ಣೆ ಡೇರಿಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಮುಂದೆ ಅದು ಲ್ಯಾಂಡ್ ಒ'ಲೇಕ್ಸ್ ಎಂಬ ಹೆಸರಿನಿಂದ ದೇಶದಾದ್ಯಂತ ಬೆಣ್ಣೆ ಮಾರಿತು. 1930ರಲ್ಲಿ ಕ್ರ್ಯಾನ್‌ಬೆರಿ ವ್ಯಾಪಾರದ ಮೂವರು ದೊಡ್ಡವರು ಒಂದಾಗಲು ಹೊರಟರು. ಮಾಮೂಲಿ ಕಂಪನಿಗಳಾಗಿ ಒಂದಾದರೆ ಏಕಸ್ವಾಮ್ಯದ ಕೇಸು ಗ್ಯಾರಂಟಿ. ಬೆಳೆಗಾರರ ಸಹಕಾರ ಸಂಘವಾಗಿ ಒಂದಾದರು. ಅದೇ ಇವತ್ತಿನ ಓಷನ್ ಸ್ಪ್ರೇ.

ಆದರೆ ಇಲ್ಲಿಯೂ ಜಗಳ ಒಂದು ಪದದ ಸುತ್ತಲೇ. ಮದ್ಯದ ಕಾಯ್ದೆಯಲ್ಲಿ 'ಅಮಲು' ಅಂದರೇನು ಎಂದು ಕೇಳಿದ ಹಾಗೆ ಇಲ್ಲಿ 'ರೈತ' ಅಂದರೆ ಯಾರು ಎಂದು ಕೇಳಿದರು. 1967ರಲ್ಲಿ ಸುಪ್ರೀಂ ಕೋರ್ಟು ಕಿತ್ತಳೆ ಬೆಳೆಗಾರರ ಸನ್‌ಕಿಸ್ಟ್ ಸಂಘಕ್ಕೆ ಈ ರಕ್ಷಣೆ ಇಲ್ಲ ಎಂದಿತು. ಸದಸ್ಯರಲ್ಲಿ ಹಣ್ಣು ಬೆಳೆಯದೆ ಪ್ಯಾಕ್ ಮಾತ್ರ ಮಾಡುವ ಕೆಲವರು ಇದ್ದರು ಅನ್ನುವುದು ಕಾರಣ. 1978ರಲ್ಲಿ ಕೋಳಿ ಕಂಪನಿಗಳ ಸಂಘವೊಂದರ ಸರದಿ. ಇವರಲ್ಲಿ ಕೆಲವರು ಮರಿಗಳನ್ನು ಬೇರೆಯವರ ಶೆಡ್ಡಿನಲ್ಲಿ ಸಾಕಿಸುತ್ತಿದ್ದರು. ಸ್ವಂತ ಶೆಡ್ಡೂ ಇಲ್ಲ, ಮೊಟ್ಟೆ ಮರಿ ಮಾಡುವ ಕೇಂದ್ರವೂ ಇಲ್ಲ. ನೀವು ರೈತರಲ್ಲ ಎಂದಿತು ಕೋರ್ಟು. ಕೋಳಿ ಬೆಳೆಸುವ ಗುತ್ತಿಗೆ ಪದ್ಧತಿ ಹೆಚ್ಚುತ್ತಿರುವ ಕಾಲದಲ್ಲಿ ಈ ತೀರ್ಪು ಓದಲೇಬೇಕಾದ್ದು.

ಒಂದೇ ವ್ಯತ್ಯಾಸ ನನಗೆ ಕಾಣುವುದು. ಮೊದಲ ಕಾಯ್ದೆ ಜನ ಬಿಡಲು ಒಪ್ಪದ ಅಭ್ಯಾಸವನ್ನು ಒಂದು ಅಂಕಿಯಿಂದ ಕಟ್ಟಿಹಾಕಲು ಹೋಯಿತು. ಜನ ಅಂಕಿಯ ಸುತ್ತ ದಾರಿ ಹುಡುಕಿದರು. ಎರಡನೆಯದು ಜನ ಆಗಲೇ ಮಾಡುತ್ತಿದ್ದ ಕೆಲಸಕ್ಕೆ ಭಯವಿಲ್ಲದ ಜಾಗ ಮಾಡಿಕೊಟ್ಟಿತು. ಇಲ್ಲೂ ದಾರಿ ತಪ್ಪಿಸುವವರು ಇದ್ದರು, ಆದರೆ ಅವರು ಒಳಗೆ ಸೇರಲು ಹವಣಿಸಿದವರು, ಹೊರಗೆ ಓಡಿದವರಲ್ಲ.

ವೋಲ್‌ಸ್ಟೆಡ್ ಮಾಡಿದ್ದು ಇವೆರಡೇ ಅಲ್ಲ. ಕರಿಯರನ್ನು ಗುಂಪುಗೂಡಿ ಕೊಲ್ಲುವುದನ್ನು ಕೇಂದ್ರದ ಅಪರಾಧ ಮಾಡುವ ಡೈಯರ್ ಮಸೂದೆಯೂ ಆತನ ಸಮಿತಿಯಿಂದಲೇ ಸಭೆಗೆ ಬಂತು. 1922ರ ಜನವರಿಯಲ್ಲಿ ಪ್ರತಿನಿಧಿ ಸಭೆ ಅದನ್ನು ಪಾಸು ಮಾಡಿತು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ವೋಟಿಗೆ ಬರದ ಹಾಗೆ ಮಾತಾಡಿ ಮಾತಾಡಿಯೇ ಅದನ್ನು ಸಾಯಿಸಿದರು.

ಸೋತ ಮೇಲೆ ಸೇಂಟ್ ಪಾಲ್ ನಗರದಲ್ಲಿ ಪಾನನಿಷೇಧ ಇಲಾಖೆಗೇ ಕಾನೂನು ಸಲಹೆಗಾರನಾಗಿದ್ದ. ಆಮೇಲೆ ಗ್ರ್ಯಾನೈಟ್ ಫಾಲ್ಸ್‌ಗೆ ವಾಪಸ್ಸು ಬಂದು ಮತ್ತೆ ವಕೀಲಿ. 1933ರ ಡಿಸೆಂಬರ್ 5ರಂದು 21ನೇ ತಿದ್ದುಪಡಿ ಬಂದು ಪಾನನಿಷೇಧ ಹೋಯಿತು. 1947ರಲ್ಲಿ, 86ನೇ ವಯಸ್ಸಿನಲ್ಲಿ ಅದೇ ಊರಲ್ಲಿ ತೀರಿಕೊಂಡ. ಆತ ವಾಸವಿದ್ದ ಮನೆ ಈಗ ರಾಷ್ಟ್ರೀಯ ಸ್ಮಾರಕ.

ಅಮೆರಿಕದಲ್ಲಿರುವ ನಮ್ಮವರು ಮನೆಯಲ್ಲಿ ತುಪ್ಪ ಕಾಯಿಸುವಾಗ ಅಂಗಡಿಯಿಂದ ಉಪ್ಪಿಲ್ಲದ ಬೆಣ್ಣೆ ತರುತ್ತಾರೆ. ಎಷ್ಟೋ ಸಲ ಅದು ಲ್ಯಾಂಡ್ ಒ'ಲೇಕ್ಸ್ ಬೆಣ್ಣೆ. ಮುಂದಿನ ಸಲ ಅದೇ ಅಂಗಡಿಯಲ್ಲಿ ಅಮಲಿಲ್ಲದ ಬಿಯರಿನ ಕಪಾಟನ್ನೂ ಒಮ್ಮೆ ನೋಡಿ. ಕ್ಯಾನಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: ಆಲ್ಕೋಹಾಲ್ ಶೇ. 0.5ಕ್ಕಿಂತ ಕಡಿಮೆ.